ಪುಕ್ಕಲ ಅನ್ನಿಸಿಕೊಂಡ ಧೈರ್ಯವಂತ

ನಾವು ಟಿವಿಯವರು ದಿನಾ ಮೇಕಪ್ ಹಾಕಿಸಿಕೊಳ್ಳೋದು ಮುಖದ ಕಲೆ ಮುಚ್ಚೋದಕ್ಕೆ. ಆದರೆ 1966ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ ಒಬ್ಬ ಆಟಗಾರನಿಗೆ ಮೇಕಪ್ ಮಾಡಿಸಿದ್ದು, ಮಾಸಿಹೋದ ಗಾಯಗಳನ್ನು ಮತ್ತೆ ತೋರಿಸೋದಕ್ಕೆ. ಆತನ ಹೆಸರು ಟೆರ್ರಿ ಸಾಚಕ್, ಐಸ್ ಹಾಕಿಯ ಗೋಲ್‌ಕೀಪರ್. ವರ್ಷಗಟ್ಟಲೆ ಆಟದಲ್ಲಿ ಮುಖಕ್ಕೆ ಬಿದ್ದಿದ್ದ ಹೊಲಿಗೆಗಳೆಲ್ಲ ಒಂದೇ ದಿನ ಬಿದ್ದಿದ್ದರೆ ಹೇಗೆ ಕಾಣುತ್ತಿದ್ದ ಅಂತ ಬಣ್ಣದಲ್ಲಿ ಬರೆದು ಫೋಟೋ ತೆಗೆದಿದ್ದರು. ಆ ಫೋಟೋ ನೋಡಿದ ಮೇಲೆ ಊಟ ಸೇರೋದು ಕಷ್ಟ.

ಐಸ್ ಹಾಕಿ ನಮಗೆ ಅಷ್ಟು ಪರಿಚಯವಿಲ್ಲ. ಅಲ್ಲಿ ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತೆ, ಅದಕ್ಕೆ ಪಕ್ ಅಂತಾರೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪ, ತೂಕ ಸುಮಾರು 160 ಗ್ರಾಂ. ಪುಟಿಯಬಾರದು ಅಂತ ಆಟಕ್ಕೆ ಮೊದಲೇ ಅದನ್ನು ತಣ್ಣಗೆ ಹೆಪ್ಪುಗಟ್ಟಿಸಿ ಇಡ್ತಾರೆ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಗೋಲಿನ ಮುಂದೆ ಒಬ್ಬನೇ ನಿಂತು ಅದನ್ನು ತಡೀಬೇಕು. 1950ರ ದಶಕದಲ್ಲಿ ಅವನ ಕಾಲಿಗೆ ಪ್ಯಾಡ್ ಇತ್ತು, ಕೈಗೆ ಗ್ಲೌಸ್ ಇತ್ತು. ಮುಖಕ್ಕೆ? ಏನೂ ಇಲ್ಲ!

ಏಕೆ ಇಲ್ಲ ಅಂದರೆ, ಮುಖ ಮುಚ್ಚಿಕೊಂಡವನು ಪುಕ್ಕಲ ಅನ್ನೋ ನಂಬಿಕೆ. 1930ರಲ್ಲೇ ಕ್ಲಿಂಟ್ ಬೆನೆಡಿಕ್ಟ್ ಎಂಬಾತ ಮುಖಕ್ಕೆ ಪೆಟ್ಟು ತಿಂದು, ಚರ್ಮದ ಮಾಸ್ಕ್ ಹಾಕಿಕೊಂಡು ಕೆಲವು ಪಂದ್ಯ ಆಡಿದ್ದ. ಅದು ಅಲ್ಲಿಗೇ ನಿಂತುಹೋಯಿತು. ಗ್ಲೆನ್ ಹಾಲ್ ಎಂಬ ಇನ್ನೊಬ್ಬ ಮಹಾನ್ ಗೋಲ್‌ಕೀಪರ್ 1955ರಿಂದ 1962ರವರೆಗೆ ಸತತ 502 ಲೀಗ್ ಪಂದ್ಯಗಳನ್ನು ಮಾಸ್ಕ್ ಇಲ್ಲದೆ ಆಡಿದ. ಆದರೆ ಪಂದ್ಯಕ್ಕೆ ಮುಂಚೆ ವಾಂತಿ ಮಾಡಿಕೊಳ್ಳೋದು ಅವನಿಗೆ ರೂಢಿಯಾಗಿತ್ತು. ದಾಖಲೆ ಪುಸ್ತಕದಲ್ಲಿ 502 ಅಂತ ಇದೆ, ಆ ಸಂಕಟಕ್ಕೆ ಅಲ್ಲಿ ಕಾಲಂ ಇಲ್ಲ.

ಇಂಥ ಕಾಲದಲ್ಲಿ ಕೆನಡಾದ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಗೋಲು ಕಾಯುತ್ತಿದ್ದವನು ಜಾಕ್ ಪ್ಲಾಂಟ್. ಕ್ವಿಬೆಕ್ ಪ್ರಾಂತ್ಯದ ದೊಡ್ಡ ಕುಟುಂಬದ ಹಿರಿಮಗ. ಚಿಕ್ಕಂದಿನಿಂದ ಆಸ್ತಮಾ. ತನ್ನ ಉಣ್ಣೆ ಟೋಪಿಯನ್ನು ತಾನೇ ಹೆಣೆದುಕೊಳ್ಳುತ್ತಿದ್ದ. ಫೈಬರ್‌ಗ್ಲಾಸ್ ಕಂಪನಿಯಲ್ಲಿದ್ದ ಬಿಲ್ ಬರ್ಚ್‌ಮೋರ್ ಅವನ ಮುಖದ ಅಳತೆಗೇ ಒಂದು ಮಾಸ್ಕ್ ಮಾಡಿಕೊಟ್ಟಿದ್ದ. ಅಭ್ಯಾಸದಲ್ಲಿ ಹಾಕಿಕೋ, ಪಂದ್ಯದಲ್ಲಿ ಬೇಡ ಅನ್ನೋದು ಕೋಚ್ ಟೋ ಬ್ಲೇಕ್ ನಿಲುವು. ಕಾಲ ಬಳಿ ಬಂದ ಪಕ್ ಕಾಣೋದಿಲ್ಲ ಅನ್ನೋದು ಅವರ ಒಂದು ವಾದವಾಗಿತ್ತು.

1959ರ ನವೆಂಬರ್ 1. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಪಂದ್ಯ ಶುರುವಾಗಿ ಕೆಲವೇ ನಿಮಿಷ. ರೇಂಜರ್ಸ್ ತಂಡದ ಆಂಡಿ ಬಾತ್‌ಗೇಟ್ ಹೊಡೆದ ಪಕ್ ಸೀದಾ ಪ್ಲಾಂಟ್ ಮುಖಕ್ಕೆ ಬಂತು. ಮಂಜಿನ ಮೇಲೆ ರಕ್ತ. ಒಳಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿದರು. ಆಗ ತಂಡಗಳ ಜೊತೆ ಬದಲಿ ಗೋಲ್‌ಕೀಪರ್ ಇರುತ್ತಿರಲಿಲ್ಲ. ಪ್ಲಾಂಟ್ ಹೇಳಿದ್ದು ಇಷ್ಟೇ: ಮಾಸ್ಕ್ ಇದ್ದರೆ ಆಡ್ತೀನಿ, ಇಲ್ಲದಿದ್ದರೆ ಇಲ್ಲ.

ಗಮನಿಸಿ, ಇದು ಒಬ್ಬ ನೌಕರ ತನ್ನ ಯಜಮಾನನಿಗೆ ಹೇಳಿದ ಮಾತು. ಆ ದಿನಗಳಲ್ಲಿ ಇಡೀ ಲೀಗ್‌ನಲ್ಲಿ ಇದ್ದಿದ್ದೇ ಆರು ತಂಡ. ಅಂದರೆ ಗೋಲ್‌ಕೀಪರ್ ಕೆಲಸಗಳು ಆರೇ ಆರು. ಗಾಯ ವಾಸಿಯಾದ ಮೇಲೆ ತೆಗೀಬೇಕು ಅನ್ನೋ ಷರತ್ತಿನ ಮೇಲೆ ಬ್ಲೇಕ್ ಒಪ್ಪಿದರು. ಮಾಂಟ್ರಿಯಲ್ 3-1ರಿಂದ ಗೆದ್ದಿತು. ಆಮೇಲೂ ಗೆಲ್ಲುತ್ತಾ ಹೋಯಿತು. ಆ ಋತುವಿನ ಕೊನೆಗೆ ಪ್ಲೇಆಫ್‌ನ ಎಂಟಕ್ಕೆ ಎಂಟು ಪಂದ್ಯ ಗೆದ್ದು ಸ್ಟಾನ್ಲಿ ಕಪ್ ಎತ್ತಿತು. ಅದು ಸತತ ಐದನೇ ಕಪ್. ಕಣ್ಣು ಕಾಣೋದಿಲ್ಲ ಅನ್ನೋ ವಾದಕ್ಕೆ ಸ್ಕೋರ್‌ಬೋರ್ಡೇ ಉತ್ತರ ಕೊಟ್ಟಿತ್ತು.

ಪುಕ್ಕಲ ಅಂದವರಿಗೆ ಪ್ಲಾಂಟ್ ಕೊಟ್ಟ ಉತ್ತರ ಇವತ್ತಿಗೂ ಪ್ರಸಿದ್ಧ. ಪ್ಯಾರಾಚೂಟ್ ಇಲ್ಲದೆ ವಿಮಾನದಿಂದ ಹಾರೋದು ಧೈರ್ಯ ಏನು ಅಂತ ಕೇಳಿದ್ದನಂತೆ. ಶ್ರೇಷ್ಠ ಗೋಲ್‌ಕೀಪಿಂಗ್‌ಗೆ ಕೊಡೋ ವೆಜಿನಾ ಟ್ರೋಫಿ ಅವನಿಗೆ ಏಳು ಸಲ ಬಂತು. 1962ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರನೂ ಅವನೇ. ಅದೇ ಸಾಚಕ್ ಕೂಡ 1962ರ ಹೊತ್ತಿಗೆ ಮಾಸ್ಕ್ ಹಾಕಿದ. 1974ರ ನಂತರ ಆ ಲೀಗ್‌ನಲ್ಲಿ ಬರೀ ಮುಖದ ಗೋಲ್‌ಕೀಪರ್ ಕಾಣಿಸಲೇ ಇಲ್ಲ.

ಒಂದೂ ಗೋಲು ಬಿಡದ ಪಂದ್ಯಗಳಲ್ಲಿ ಸಾಚಕ್‌ನದು 103ರ ದಾಖಲೆ. ಅದನ್ನು 2009ರಲ್ಲಿ ಮುರಿದವನು ಮಾರ್ಟಿನ್ ಬ್ರೋಡರ್. 125 ಅಂಥ ಪಂದ್ಯ, 691 ಗೆಲುವು ಅವನ ಲೆಕ್ಕ. ಅವನು ಮಾಸ್ಕ್ ಹಾಕಿದ್ದಕ್ಕೆ ಯಾರೂ ಏನೂ ಅನ್ನಲಿಲ್ಲ. ಆ ಜಗಳವನ್ನು ಪ್ಲಾಂಟ್ ಮೊದಲೇ ಮುಗಿಸಿ ಹೋಗಿದ್ದ.

ಈ ಕಥೆ ನನ್ನನ್ನೂ ಚುಚ್ಚುತ್ತೆ. ‘ಗಾಯವನ್ನೂ ಲೆಕ್ಕಿಸದೆ ಕಣಕ್ಕಿಳಿದ ವೀರ’ ಅನ್ನೋ ಸಾಲನ್ನು ನಾನು ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. ಎಸಿ ಸ್ಟುಡಿಯೋದಲ್ಲಿ ಕೂತು ಇನ್ನೊಬ್ಬರ ನೋವನ್ನು ಹೊಗಳೋದು ಸುಲಭ ಸ್ವಾಮಿ. ಈಗ ಅಂಥ ಸುದ್ದಿ ಕೈಗೆ ಬಂದರೆ, ಓದೋ ಮೊದಲು ಡೆಸ್ಕ್‌ನವರನ್ನು ಒಂದು ಮಾತು ಕೇಳ್ತೀನಿ: ಡಾಕ್ಟರ್ ಏನಂದ್ರು?