ಬಾಯಿ ಮುಕ್ಕಳಿಸುವ ಬಾಟಲಿಯ ಮೇಲೊಂದು ಗುಮಾನಿ

ಬಾಯಿಯ ದುರ್ವಾಸನೆ ಮನುಷ್ಯನಷ್ಟೇ ಹಳೆಯದು. ಅದನ್ನು ಹೋಗಲಾಡಿಸಲು ಉಪ್ಪುನೀರು, ಬೇವಿನ ಕಡ್ಡಿ, ಲವಂಗ, ಏಲಕ್ಕಿಗಳ ಮೊರೆ ಹೋದದ್ದೂ ಹಳೆಯ ಕಥೆಯೇ. ಎಣ್ಣೆ ಅಥವಾ ಕಷಾಯವನ್ನು ಬಾಯಿ ತುಂಬ ಹಿಡಿದಿಟ್ಟುಕೊಂಡು ಉಗುಳುವ ‘ಗಂಡೂಷ’ವನ್ನೂ ಬಾಯೊಳಗೆ ಆಡಿಸಿ ಮುಕ್ಕಳಿಸುವ ‘ಕವಲ’ವನ್ನೂ ಆಯುರ್ವೇದ ದಿನಚರಿಯ ಭಾಗವಾಗಿಯೇ ಹೇಳಿದೆ. ಆದರೆ ಬಾಯಿ ವಾಸನೆಗೊಂದು ರೋಗದ ಹೆಸರಿಟ್ಟು, ಅದಕ್ಕೆ ಮದ್ದೆಂದು ಬಾಟಲಿಯೊಂದನ್ನು ಮನೆಮನೆಗೆ ಮುಟ್ಟಿಸಿದ ಕೀರ್ತಿ ಇಪ್ಪತ್ತನೆಯ ಶತಮಾನದ ಅಮೆರಿಕದ್ದು. ಅರ್ಧ ಶತಮಾನದ ನಂತರ ಅದೇ ದೇಶದಲ್ಲಿ ಅದೇ ಬಾಟಲಿಯ ಮೇಲೆ ಗುರುತರವಾದ ಆರೋಪವೊಂದು ಬಂತು: ಮೌತ್‌ವಾಶ್ ಬಾಯಿ ಕ್ಯಾನ್ಸರಿಗೆ ಕಾರಣವಾಗುತ್ತಿದೆಯೇ? ಈ ಆರೋಪದ ವಿಚಾರಣೆ ನಾಲ್ಕು ದಶಕಗಳನ್ನೂ ಮೀರಿ ನಡೆದಿದೆ.

ಶಸ್ತ್ರಚಿಕಿತ್ಸೆಯಿಂದ ಸ್ನಾನದ ಮನೆಗೆ

ಬಾಯೊಳಗೆ ಸೂಕ್ಷ್ಮಜೀವಿಗಳಿವೆ ಎಂದು ಮೊದಲು ಕಂಡವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್. ತನ್ನ ಹಲ್ಲಿನ ಸಂದಿಯ ಬಿಳಿಯ ಪಾಚಿಯನ್ನು ತಾನೇ ತಯಾರಿಸಿದ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಅದರಲ್ಲಿ ಜೀವಿಗಳು ಓಡಾಡುತ್ತಿರುವುದನ್ನು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಹುಳಿಯಾದ ವಿನಿಗರ್ ಅವುಗಳನ್ನು ಕೊಲ್ಲುತ್ತದೆ. ಆದರೆ ಅದರಿಂದ ಬಾಯಿ ಮುಕ್ಕಳಿಸಿದರೂ ಹಲ್ಲಿನ ಸಂದಿಯಲ್ಲಿ ಅಡಗಿದವು ಸಾಯುವುದಿಲ್ಲ ಎಂಬುದನ್ನೂ ಆತ ಗಮನಿಸಿದ್ದ. ಮುಕ್ಕಳಿಸುವ ದ್ರವದ ಶಕ್ತಿ ಮತ್ತು ಮಿತಿ ಎರಡೂ ಅಂದೇ ಕಂಡಿದ್ದವು.

ರೋಗಾಣುಗಳ ಜ್ಞಾನ ಚಿಕಿತ್ಸೆಗೆ ಬಂದದ್ದು ಸುಮಾರು ಇನ್ನೂರು ವರ್ಷ ತಡವಾಗಿ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ 1865ರಿಂದ ಗಾಯಗಳಿಗೆ ಕಾರ್ಬಾಲಿಕ್ ಆಮ್ಲ ಹಚ್ಚಿ, ನಂಜೇರಿ ಸಾಯುತ್ತಿದ್ದ ರೋಗಿಗಳನ್ನು ಉಳಿಸತೊಡಗಿದರು. ಅವರ ಹೆಸರು ಜಗತ್ತಿಗೆಲ್ಲ ಹರಡಿತು. 1879ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ವೈದ್ಯ ಜೋಸೆಫ್ ಲಾರೆನ್ಸ್ ತಾವು ತಯಾರಿಸಿದ ನಂಜುನಿರೋಧಕ ದ್ರವಕ್ಕೆ ಅದೇ ಹೆಸರನ್ನು ಬಳಸಿಕೊಂಡು ‘ಲಿಸ್ಟರೀನ್’ ಎಂದು ಕರೆದರು. ನೀಲಗಿರಿ ಎಣ್ಣೆಯ ಸಾರ, ಪುದೀನದ ಮೆಂಥಾಲ್, ಓಮದಲ್ಲಿರುವ ಥೈಮಾಲ್, ಮಿಥೈಲ್ ಸ್ಯಾಲಿಸಿಲೇಟ್ ಇವು ಅದರ ಮುಖ್ಯ ಪದಾರ್ಥಗಳು. ಈ ಎಣ್ಣೆಗಳು ನೀರಿನಲ್ಲಿ ಸುಲಭವಾಗಿ ಕರಗವು. ಕರಗಿಸಲು ಮದ್ಯಸಾರ ಬೇಕು. ಹೀಗೆ ಮೂಲ ಲಿಸ್ಟರೀನಿನಲ್ಲಿ ಶೇ. 26.9ರಷ್ಟು ಮದ್ಯಸಾರ ಸೇರಿತು. ಬಿಯರಿನಲ್ಲಿ ಇರುವುದು ಸಾಮಾನ್ಯವಾಗಿ ಶೇ. 5, ದ್ರಾಕ್ಷಾರಸದಲ್ಲಿ ಶೇ. 12ರ ಆಸುಪಾಸು ಎಂಬುದನ್ನು ನೆನೆದರೆ ಇದು ಎಷ್ಟೆಂದು ಅರಿವಾದೀತು. ಮುಂದೆ ಎದ್ದ ವಿವಾದದ ಬೀಜ ಇರುವುದು ಇಲ್ಲೇ.

ಮೊದಲು ಶಸ್ತ್ರವೈದ್ಯರ ಕೈಯಲ್ಲಿದ್ದ ಲಿಸ್ಟರೀನ್ 1895ರಲ್ಲಿ ದಂತವೈದ್ಯರ ಬಳಿಗೂ, 1914ರಲ್ಲಿ ವೈದ್ಯರ ಚೀಟಿಯಿಲ್ಲದೆ ಅಂಗಡಿಗೂ ಬಂತು. ಯೂರೋಪಿನಲ್ಲಿಯೂ ಆಗ ಇಂಥದೇ ಅಲೆ ಎದ್ದಿತ್ತು. ಜರ್ಮನಿಯ ಡ್ರೆಸ್ಡೆನ್ ನಗರದ ಉದ್ಯಮಿ ಕಾರ್ಲ್ ಆಗಸ್ಟ್ ಲಿಂಗ್ನರ್ 1890ರ ದಶಕದಲ್ಲಿ ‘ಓಡೋಲ್’ ಎಂಬ ಮೌತ್‌ವಾಶ್ ಮಾರಿ ಕುಬೇರನಾದ. 1911ರಲ್ಲಿ ಅದೇ ನಗರದಲ್ಲಿ ಆತ ಮುಂದೆ ನಿಂತು ನಡೆಸಿದ ಅಂತರರಾಷ್ಟ್ರೀಯ ನೈರ್ಮಲ್ಯ ಪ್ರದರ್ಶನಕ್ಕೆ ಐವತ್ತು ಲಕ್ಷಕ್ಕೂ ಮಿಕ್ಕಿ ಜನ ಬಂದರು.

ರೋಗಕ್ಕೆ ಹೆಸರಿಟ್ಟವರು

ಅಮೆರಿಕದಲ್ಲಿ ಲಿಸ್ಟರೀನಿನ ಭಾಗ್ಯ ತೆರೆದದ್ದು 1920ರ ದಶಕದಲ್ಲಿ. ತಯಾರಕ ಕಂಪೆನಿಯ ವಾರಸುದಾರ ಜೆರಾರ್ಡ್ ಲ್ಯಾಂಬರ್ಟ್ ಜಾಹೀರಾತಿಗೆ ಹೊಸ ದಾರಿ ಹುಡುಕುತ್ತಿದ್ದರು. ಬಾಯಿ ವಾಸನೆಯ ಮಾತನ್ನು ಸಭ್ಯರ ನಡುವೆ ಬಾಯಿಬಿಟ್ಟು ಹೇಳುವುದು ಹೇಗೆ? ವೈದ್ಯಕೀಯ ಪತ್ರಿಕೆಯ ತುಣುಕೊಂದರಲ್ಲಿ ಸಿಕ್ಕ ‘ಹ್ಯಾಲಿಟೋಸಿಸ್’ ಎಂಬ ಪದ ಆ ಸಂಕೋಚವನ್ನು ನೀಗಿಸಿತು. ಉಸಿರು ಎಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ ಇದು ವೈದ್ಯರಲ್ಲೂ ಹೆಚ್ಚು ಬಳಕೆಯಲ್ಲಿರಲಿಲ್ಲ. ಜಾಹೀರಾತುಗಳು ಅದನ್ನು ಮನೆಮಾತಾಗಿಸಿದವು.

ಆ ಜಾಹೀರಾತುಗಳ ಜಾಣ್ಮೆ ಇದ್ದದ್ದು ಭಯ ಹುಟ್ಟಿಸುವುದರಲ್ಲಿ. ಗೆಳತಿಯರಿಗೆಲ್ಲ ಮದುವೆಯಾದರೂ ತಾನು ಮಾತ್ರ ಉಳಿದುಹೋದ ಚೆಲುವೆಯ ಚಿತ್ರ, ಅವಳಿಗೇ ಗೊತ್ತಿಲ್ಲದ ಕಾರಣ ಬಾಯಿ ವಾಸನೆ, ಆಪ್ತ ಸ್ನೇಹಿತರೂ ಅದನ್ನು ಹೇಳಲಾರರು ಎಂಬ ಒಕ್ಕಣೆ. ತನ್ನ ಬಾಯಿಯ ವಾಸನೆ ತನಗೆ ತಿಳಿಯದು ಎಂಬ ಸತ್ಯವೇ ವ್ಯಾಪಾರದ ಬಂಡವಾಳವಾಯಿತು. ಮಾರಾಟ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿತು.

ಲಿಸ್ಟರೀನ್ ನೆಗಡಿಯನ್ನೂ ಗಂಟಲು ನೋವನ್ನೂ ತಡೆಯುತ್ತದೆ ಎಂಬ ಮಾತೂ ದಶಕಗಳ ಕಾಲ ಜಾಹೀರಾತಿನಲ್ಲಿ ಬಂತು. ಇದಕ್ಕೆ ಆಧಾರವಿಲ್ಲವೆಂದು ಅಮೆರಿಕ ಸರಕಾರದ ಫೆಡರಲ್ ಟ್ರೇಡ್ ಕಮಿಷನ್ 1975ರಲ್ಲಿ ತೀರ್ಪಿತ್ತಿತು. ಲಿಸ್ಟರೀನಿನಿಂದ ನೆಗಡಿ ತಡೆಯಲಾಗದು ಎಂದು ಕಂಪೆನಿಯೇ ಜಾಹೀರಾತಿನಲ್ಲಿ ಸಾರಬೇಕು, ಅಂಥ ಜಾಹೀರಾತಿಗೆ ಸುಮಾರು 1 ಕೋಟಿ ಡಾಲರ್ ವೆಚ್ಚವಾಗುವವರೆಗೆ ಇದು ನಡೆಯಬೇಕು ಎಂದು ಆದೇಶವಾಯಿತು. 1977ರಲ್ಲಿ ಮೇಲ್ಮನವಿ ನ್ಯಾಯಾಲಯ ಆದೇಶದ ತಿರುಳನ್ನು ಎತ್ತಿಹಿಡಿಯಿತು. ಬಾಟಲಿಯ ಮಾತನ್ನು ಕಣ್ಣುಮುಚ್ಚಿ ನಂಬುವ ಕಾಲ ಹೀಗೆ ಮುಗಿಯುತ್ತಿರುವಾಗಲೇ ಇನ್ನೂ ದೊಡ್ಡ ಪ್ರಶ್ನೆ ಎದುರಾಯಿತು.

ಹನ್ನೊಂದು ರೋಗಿಗಳು

1979ರಲ್ಲಿ ವೀವರ್ ಮತ್ತು ಸಂಗಡಿಗರು ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಚಿಕ್ಕ ಲೇಖನ ಪ್ರಕಟಿಸಿದರು. ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ತಗುಲಿದ 200 ರೋಗಿಗಳಲ್ಲಿ 11 ಮಂದಿ ತಂಬಾಕನ್ನಾಗಲೀ ಮದ್ಯವನ್ನಾಗಲೀ ಮುಟ್ಟಿದವರಲ್ಲ. ಆ ಹನ್ನೊಂದರಲ್ಲಿ ಹತ್ತು ಮಂದಿ ಬಹುಕಾಲದಿಂದ ಮೌತ್‌ವಾಶ್ ಬಳಸುತ್ತಿದ್ದರು. ಇದು ಕ್ಯಾನ್ಸರಿಗೆ ಕಾರಣವೋ, ಇಲ್ಲವೇ ಕಾಕತಾಳೀಯವೋ ಎಂದು ಲೇಖನದ ಶೀರ್ಷಿಕೆಯೇ ಕೇಳಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ ಇದೂ ಆಗಿರಬಾರದೇಕೆ? ಹನ್ನೊಂದು ಜನರನ್ನು ನೋಡಿ ಉತ್ತರ ಹೇಳುವಂತಿರಲಿಲ್ಲ.

ಗುಮಾನಿಗೆ ಬುಡವಿಲ್ಲದೆ ಇರಲಿಲ್ಲ. ಕುಡಿತದಿಂದ ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರ್ ಬರುವುದು ಖಚಿತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿ ಸಾರಿತು. ಮದ್ಯಸಾರವನ್ನು ದೇಹವೂ ಬಾಯೊಳಗಿನ ಬ್ಯಾಕ್ಟೀರಿಯಾಗಳೂ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕವಾಗಿ ಮಾರ್ಪಡಿಸುತ್ತವೆ. ಜೀವಕೋಶದ ವಂಶವಾಹಿ ತಂತುವಿಗೆ ಹಾನಿ ಮಾಡುವ ವಸ್ತು ಇದು. ಮುಕ್ಕಳಿಸಿ ಉಗುಳಿದ ಕೂಡಲೇ ಜೊಲ್ಲಿನಲ್ಲಿಯೂ ಇದು ಕಾಣಿಸಿಕೊಂಡು ಕೆಲವು ನಿಮಿಷಗಳಲ್ಲಿ ಇಳಿದುಹೋಗುತ್ತದೆ. ದಿನಕ್ಕೆರಡು ಬಾರಿಯ ಈ ಕೆಲವು ನಿಮಿಷಗಳು ಮೂವತ್ತು ನಲವತ್ತು ವರ್ಷಗಳಲ್ಲಿ ಏನು ಮಾಡಬಲ್ಲವು ಎಂಬುದೇ ಪ್ರಶ್ನೆ.

1991ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಂಚಲನ ಮೂಡಿಸಿತು. ಡೆಬೊರಾ ವಿನ್ ಮತ್ತು ಸಂಗಡಿಗರು ಅಮೆರಿಕದ ನಾಲ್ಕು ಪ್ರದೇಶಗಳ 866 ರೋಗಿಗಳನ್ನು ರೋಗವಿಲ್ಲದ 1,249 ಜನರೊಂದಿಗೆ ಹೋಲಿಸಿ ನೋಡಿದ್ದರು. ತಂಬಾಕು ಮತ್ತು ಮದ್ಯದ ಲೆಕ್ಕ ಕಳೆದ ಮೇಲೂ ಮೌತ್‌ವಾಶ್ ಬಳಸುವ ಗಂಡಸರಲ್ಲಿ ಶೇ. 40, ಹೆಂಗಸರಲ್ಲಿ ಶೇ. 60ರಷ್ಟು ಹೆಚ್ಚು ಅಪಾಯ ಕಂಡುಬಂತು. ಅದೂ ಶೇ. 25 ಅಥವಾ ಅದಕ್ಕೂ ಹೆಚ್ಚು ಮದ್ಯಸಾರವುಳ್ಳ ದ್ರವ ಬಳಸಿದವರಲ್ಲಿ ಮಾತ್ರ. ಸುದ್ದಿ ಓದಿದವರು ಸ್ನಾನದ ಮನೆಯ ಕಪಾಟಿನತ್ತ ಅನುಮಾನದಿಂದ ನೋಡಿದ್ದರೆ ಆಶ್ಚರ್ಯವಿಲ್ಲ.

ವಾಸನೆ ಮುಚ್ಚುವವರು ಯಾರು?

ಆದರೆ ಈ ಲೆಕ್ಕದಲ್ಲೊಂದು ತೊಡಕಿತ್ತು. ಮೌತ್‌ವಾಶ್ ಬಳಸುವವರು ಯಾರು? ಸಿಗರೇಟಿನ, ಮದ್ಯದ ವಾಸನೆಯನ್ನು ಮನೆಯವರಿಂದಲೋ ಮೇಲಧಿಕಾರಿಯಿಂದಲೋ ಮುಚ್ಚಿಡಬೇಕಾದವರೂ ಅವರಲ್ಲಿದ್ದಾರೆ. ದಿನಕ್ಕೆಷ್ಟು ಕುಡಿಯುತ್ತೀರಿ ಎಂದು ಕೇಳಿದರೆ ಅನೇಕರು ಕಡಿಮೆ ಮಾಡಿ ಹೇಳುವುದು ಮನುಷ್ಯ ಸಹಜ. ಬಾಟಲಿಯ ಲೆಕ್ಕ ಮಾತ್ರ ಸಂಕೋಚವಿಲ್ಲದೆ ಹೊರಬರುತ್ತದೆ. ಆಗ ಕುಡಿತದ ಪಾಪ ಬಾಟಲಿಯ ತಲೆಗೆ ಬರುತ್ತದೆ. ಸ್ಯಾಮ್ಯುಯೆಲ್ ಶಪಿರೋ ಮತ್ತು ಸಂಗಡಿಗರು 1996ರಲ್ಲಿ ಎತ್ತಿದ ಆಕ್ಷೇಪ ಇದೇ. ತಂಬಾಕು, ಮದ್ಯಗಳ ಬಳಕೆಯನ್ನು ಪೂರ್ತಿ ಅಳೆಯದೆ ಹೋದರೆ ಇಲ್ಲದ ನಂಟೂ ಇರುವಂತೆ ಕಾಣುತ್ತದೆ ಎಂದು ಅವರು ವಾದಿಸಿದರು.

ಇನ್ನೊಂದು ತೊಡಕೂ ಇದೆ. ಬಾಯಿಯ ಗಡ್ಡೆ ಕೊಳೆಯತೊಡಗಿದಾಗ ಅದೇ ದುರ್ವಾಸನೆ ಹುಟ್ಟಿಸುತ್ತದೆ. ರೋಗಿ ಆಗ ಮೌತ್‌ವಾಶ್ ಕೊಳ್ಳುತ್ತಾನೆ. ಇಲ್ಲಿ ಬಾಟಲಿಯಿಂದ ರೋಗ ಬಂದದ್ದಲ್ಲ, ರೋಗದಿಂದ ಬಾಟಲಿ ಬಂದದ್ದು.

ವಿನ್ ಅವರೇ ಪೋರ್ಟೊರಿಕೋ ದ್ವೀಪದಲ್ಲಿ ನಡೆಸಿದ ಅಧ್ಯಯನ 2001ರಲ್ಲಿ ಹೊರಬಂತು. ಅಲ್ಲಿ 342 ರೋಗಿಗಳನ್ನು 521 ಮಂದಿಯೊಂದಿಗೆ ಹೋಲಿಸಿದಾಗ ಒಟ್ಟಾರೆ ಅಪಾಯ ಹೆಚ್ಚಿರಲಿಲ್ಲ. ತಂಬಾಕು, ಮದ್ಯ ಎರಡನ್ನೂ ಮುಟ್ಟದ ಸಣ್ಣ ಗುಂಪಿನಲ್ಲಿ ಮಾತ್ರ ಅಪಾಯ ಹೆಚ್ಚಿರುವಂತೆ ಕಂಡರೂ ಸಂಖ್ಯೆ ತೀರ ಕಡಿಮೆಯಿದ್ದುದರಿಂದ ಅದನ್ನು ನೆಚ್ಚುವಂತಿರಲಿಲ್ಲ. 2008ರ ಕೊನೆಗೆ ಆಸ್ಟ್ರೇಲಿಯದ ಮೆಕಲೋ ಮತ್ತು ಫರಾ ಎಂಬ ಇಬ್ಬರು ತಜ್ಞರು, ಮದ್ಯಸಾರವುಳ್ಳ ಮೌತ್‌ವಾಶ್‌ಗೂ ಬಾಯಿ ಕ್ಯಾನ್ಸರಿಗೂ ನಂಟಿದೆ ಎನ್ನಲು ಸಾಕಷ್ಟು ಆಧಾರವಿದೆಯೆಂದು ಬರೆದಾಗ ವಿವಾದ ಮತ್ತೆ ಭುಗಿಲೆದ್ದಿತು. 2012ರಲ್ಲಿ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಇಟಲಿಯ ಸಂಶೋಧಕರಿಗೆ ಅಂಥ ನಂಟು ಸಿಗಲಿಲ್ಲ.

ಇದುವರೆಗಿನ ದೊಡ್ಡ ಲೆಕ್ಕ 2016ರದು. ಹನ್ನೆರಡು ಅಧ್ಯಯನಗಳ 8,981 ರೋಗಿಗಳನ್ನೂ 10,090 ರೋಗವಿಲ್ಲದವರನ್ನೂ ಅದರಲ್ಲಿ ಸೇರಿಸಲಾಗಿತ್ತು. ಮೌತ್‌ವಾಶ್ ಬಳಸದವರ ಅಪಾಯವನ್ನು 1 ಎಂದಿಟ್ಟುಕೊಂಡರೆ ಬಳಸಿದವರದು 1.01. ಅಂದರೆ ಹೆಚ್ಚುಕಡಿಮೆ ಸಮ. ಆದರೆ 35 ವರ್ಷಕ್ಕೂ ಮಿಕ್ಕಿ ಬಳಸಿದವರಲ್ಲಿ ಅದು 1.15ಕ್ಕೂ, ದಿನಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಬಳಸುವವರಲ್ಲಿ 1.31ಕ್ಕೂ ಏರಿತ್ತು. ಆರೋಪ ಸಾಬೀತಾಗಲಿಲ್ಲ, ಅತಿಬಳಕೆಯ ಬಗ್ಗೆ ಅನುಮಾನ ಪೂರ್ತಿ ಅಳಿಯಲೂ ಇಲ್ಲ.

2024ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ನಗರದ ಸಂಶೋಧಕರು, ಮೂರು ತಿಂಗಳು ದಿನವೂ ಲಿಸ್ಟರೀನ್ ಬಳಸಿದವರ ಬಾಯಲ್ಲಿ ಕೆಲವು ಕ್ಯಾನ್ಸರುಗಳ ಜೊತೆ ಹೆಸರು ತಳುಕು ಹಾಕಿಕೊಂಡ ಎರಡು ಬಗೆಯ ಬ್ಯಾಕ್ಟೀರಿಯಾ ಹೆಚ್ಚಿದ್ದನ್ನು ವರದಿ ಮಾಡಿದರು. ಇದನ್ನೇ ಹಿಡಿದು ‘ಮೌತ್‌ವಾಶ್‌ನಿಂದ ಕ್ಯಾನ್ಸರ್’ ಎಂಬ ಸುದ್ದಿ ಹಬ್ಬಿತು. ಆದರೆ ಆ ಅಧ್ಯಯನದಲ್ಲಿ ಅಳೆದದ್ದು ಬ್ಯಾಕ್ಟೀರಿಯಾವನ್ನೇ ಹೊರತು ಕ್ಯಾನ್ಸರನ್ನಲ್ಲ.

ದೊಡ್ಡ ಅಪರಾಧಿಗಳು

ಗುಮಾನಿಯ ತೂಕ ತಿಳಿಯಲು ಅದನ್ನು ತಕ್ಕಡಿಯ ಇನ್ನೊಂದು ತಟ್ಟೆಯ ಎದುರು ಇಡಬೇಕು. 1991ರ ಅಧ್ಯಯನ ಯಾವ ಸಮೀಕ್ಷೆಯಿಂದ ಹುಟ್ಟಿತೋ ಅದೇ ಸಮೀಕ್ಷೆಯ ಮೊದಲ ಫಲಿತಾಂಶ 1988ರಲ್ಲೇ ಬಂದಿತ್ತು. ದಿನಕ್ಕೆ ಎರಡು ಪ್ಯಾಕಿಗೂ ಮಿಕ್ಕಿ ಸಿಗರೇಟು ಸೇದಿ, ನಾಲ್ಕಕ್ಕಿಂತ ಹೆಚ್ಚು ಪೆಗ್ ಕುಡಿಯುವವರಿಗೆ ಬಾಯಿ ಮತ್ತು ಗಂಟಲು ಕ್ಯಾನ್ಸರಿನ ಅಪಾಯ 35 ಪಟ್ಟಿಗೂ ಹೆಚ್ಚು ಎಂದು ಅದು ಹೇಳಿತ್ತು. ಅಮೆರಿಕದ ಇಂಥ ಕ್ಯಾನ್ಸರುಗಳಲ್ಲಿ ಸುಮಾರು ಮುಕ್ಕಾಲು ಪಾಲು ತಂಬಾಕು ಮತ್ತು ಕುಡಿತದ ಕೊಡುಗೆ. ಮೌತ್‌ವಾಶ್‌ನ ಮೇಲಿನ ಆರೋಪ ಅದರ ಕಟುವಾದ ರೂಪದಲ್ಲೂ ಒಂದೂವರೆ ಪಟ್ಟಿನ ಆಸುಪಾಸಿನದು.

ಭಾರತದಲ್ಲಿ ಈ ತಕ್ಕಡಿ ಇನ್ನಷ್ಟು ವಾಲುತ್ತದೆ. ಇಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಹೊಸದಾಗಿ ಬಾಯಿ ಕ್ಯಾನ್ಸರ್ ತಗಲುತ್ತದೆ. ಬಹುಪಾಲು ರೋಗಿಗಳ ಹಿಂದೆ ಇರುವುದು ಹೊಗೆಸೊಪ್ಪು, ಗುಟ್ಕಾ, ಬೀಡಿ, ಸಿಗರೇಟು. ತಂಬಾಕು ಸೇರಿದ ಎಲೆಯಡಿಕೆ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲೇ ಹೇಳಿತ್ತು. ತಂಬಾಕಿಲ್ಲದ ಎಲೆಯಡಿಕೆಯೂ, ಬರಿಯ ಅಡಿಕೆಯೂ ಅದೇ ಸಾಲಿಗೆ ಸೇರುತ್ತವೆ ಎಂದು 2004ರಲ್ಲಿ ಅದು ಪ್ರಕಟಿಸಿತು. ಅಡಿಕೆಯನ್ನೇ ನಂಬಿದ ಮಲೆನಾಡು, ಕರಾವಳಿಯ ತೋಟಗಾರರಿಗೆ ಇದು ಕಹಿಯಾದ ಮಾತು.

ಹಾಗೆಂದು ಮೌತ್‌ವಾಶ್ ಎಲ್ಲರಿಗೂ ಬೇಕೆಂದಲ್ಲ. ಅದು ಹಲ್ಲುಜ್ಜುವುದಕ್ಕೆ ಬದಲಿಯಲ್ಲ. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಅದನ್ನು ಕೊಡುವುದು ತರವಲ್ಲ. ಅವರು ಉಗುಳುವ ಬದಲು ನುಂಗಿಬಿಡಬಹುದು. ಬಾಯಿ ಒಣಗುವ ತೊಂದರೆಯಿರುವವರೂ, ಸೇದುವ ಕುಡಿಯುವ ಚಟವುಳ್ಳವರೂ ಮದ್ಯಸಾರವಿಲ್ಲದ ಬಗೆಯನ್ನು ಆರಿಸಿಕೊಳ್ಳುವುದು ಲೇಸು. ಅಂಥವು ಈಗ ಔಷಧ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ.

ಬಾಟಲಿಯಿಂದ ನಿಜವಾದ ಅಪಾಯ ಬರುವುದು ಬೇರೆ ದಾರಿಯಿಂದ. ಗುಟ್ಕಾ ಜಗಿಯುವವನು ವಾಸನೆ ಮುಚ್ಚಲು ಮುಕ್ಕಳಿಸುತ್ತಾನೆ. ವಾಸನೆ ಹೋದ ಸಮಾಧಾನದಲ್ಲಿ ಕೆನ್ನೆಯೊಳಗಿನ ಬಿಳಿಯ ಅಥವಾ ಕೆಂಪು ಮಚ್ಚೆಯನ್ನೂ, ಬಾಯಿ ಮೊದಲಿನಷ್ಟು ಅಗಲ ತೆರೆಯದಿರುವುದನ್ನೂ ಕಡೆಗಣಿಸುತ್ತಾನೆ. ಎರಡು ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣನ್ನು ದಂತವೈದ್ಯರಿಗೋ ವೈದ್ಯರಿಗೋ ತೋರಿಸಲೇಬೇಕು. ಬೇಗ ಪತ್ತೆಯಾದರೆ ಬಾಯಿ ಕ್ಯಾನ್ಸರ್ ಗುಣವಾಗುವ ಸಾಧ್ಯತೆ ಹೆಚ್ಚು. ಆ ಹುಣ್ಣಿನ ಮೇಲೆ ಪುದೀನದ ಪರಿಮಳ ಹರಿಸುತ್ತ ಕಳೆದ ತಿಂಗಳುಗಳನ್ನು ಯಾವ ಆಸ್ಪತ್ರೆಯೂ ಮರಳಿಸಲಾರದು.