ಹಿಂಗಾಲಿಯ ಕೀಲು: ಕೀಲೆಣ್ಣೆಯಿಂದ ರೋಸ್ ಜಾಯಿಂಟ್‌ವರೆಗೆ

ಕಾರಿನ ಹಿಂದಿನ ಗಾಲಿಗಳನ್ನು ಹಿಡಿದಿಡುವ ತೋಳು, ಲಿಂಕ್, ತೊಲೆಗಳು ಒಡಲಿಗೆ ಸೇರುವ ಕಡೆಯಲ್ಲೆಲ್ಲ ಒಂದು ಬುಷ್ ಇಲ್ಲವೇ ಒಂದು ಗುಂಡುಕೀಲು ಇರುತ್ತದೆ. ಗಾಲಿ ಮೇಲೆ ಕೆಳಗೆ ಸಲೀಸಾಗಿ ಆಡಬೇಕು, ಉಳಿದ ದಿಕ್ಕಿಗೆ ಜಗ್ಗಬಾರದು ಎಂಬುದು ಈ ಬಿಡಿಭಾಗದ ಮೊದಲ ಕೆಲಸ. ರಸ್ತೆಯ ಪೆಟ್ಟು ಮತ್ತು ಸದ್ದನ್ನು ಒಳಗೆ ಕೂತವರಿಗೆ ಮುಟ್ಟಿಸದಿರುವುದು ಎರಡನೆಯದು. ಮೊದಲ ಕೆಲಸಕ್ಕೆ ಬಿಗಿ ಬೇಕು, ಎರಡನೆಯದಕ್ಕೆ ಮೆದು ಬೇಕು. ವೇಗವಾಗಿ ಓಡಿಸುವ ಆಸೆಯೂ ಇದ್ದು ದಿನನಿತ್ಯದ ಓಡಾಟಕ್ಕೂ ಬೇಕಾದ ಕಾರಿನಲ್ಲಿ ಈ ಎರಡರ ಜಗ್ಗಾಟ ಎದ್ದು ಕಾಣುತ್ತದೆ. ಬುಷ್‌ಗಳ ಚರಿತ್ರೆಯನ್ನು ತಿಳಿಯದೆ ಆಯ್ಕೆಗೆ ಇಳಿದವರು ಸಾಮಾನ್ಯವಾಗಿ ಎಲ್ಲವನ್ನೂ ಬಿಗಿ ಮಾಡಿಬಿಡುತ್ತಾರೆ.

ಬುಷ್‌ನ ಹಳೆಯ ರೂಪ ಎತ್ತಿನ ಬಂಡಿಯಲ್ಲೇ ಇದೆ. ಹಡಗಲಿ, ಕೊಟ್ಟೂರು ಸೀಮೆಯಲ್ಲಿ ಮೈಲಾರದ ಜಾತ್ರೆಗೆ ಹೊರಡುತ್ತಿದ್ದ ಬಂಡಿಗಳ ಗುಂಬದೊಳಗೆ ಕಬ್ಬಿಣದ ಬಳೆ ಕೂಡಿಸಿ, ಅದು ಅಚ್ಚಿನ ಮೇಲೆ ತಿರುಗುವಂತೆ ಮಾಡುತ್ತಿದ್ದರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆ ಬಂಡಿಯಡಿ ತೂಗುವ ಬಿದಿರಿನ ಗೊಟ್ಟದಲ್ಲಿರುತ್ತಿತ್ತು. ಲೋಹದ ಮೇಲೆ ಲೋಹ ಉಜ್ಜುವ ಈ ಏರ್ಪಾಡಿನಲ್ಲಿ ಎಣ್ಣೆ ಆರಿದರೆ ಸವೆತ, ಸವೆದರೆ ಗಡಗಡ. ಮೊದಮೊದಲ ಮೋಟಾರು ಗಾಡಿಗಳೂ ಇದೇ ತತ್ವವನ್ನು ಹಿಡಿದವು. ಕಮಾನು ಪಟ್ಟಿಯ ಕಿವಿಯಲ್ಲಿ ಕಂಚಿನ ಬುಷ್, ಅದರೊಳಗೆ ಶಾಕಲ್ ಪಿನ್ನು, ಪಿನ್ನಿಗೆ ಗ್ರೀಸ್ ನಿಪ್ಪಲ್. ಲಾರಿಗಳಲ್ಲಿ ಈ ಪದ್ಧತಿ ಬಹುಕಾಲ ಉಳಿಯಿತು. ಸಂಡೂರು, ಹೊಸಪೇಟೆ ದಾರಿಯ ಅದಿರಿನ ಧೂಳು ಗ್ರೀಸಿಗೆ ಬೆರೆತರೆ ಅದು ಸಾಣೆಯ ಪುಡಿಯಾಗಿ ಪಿನ್ನನ್ನೇ ತಿನ್ನುತ್ತದೆ ಎಂಬುದು ಅಲ್ಲಿನ ಮೆಕ್ಯಾನಿಕ್‌ಗಳಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಕಾರುಗಳನ್ನು ಈ ಗ್ರೀಸಿನಿಂದ ಬಿಡಿಸಿದ್ದು ರಬ್ಬರು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ದಾರಿ ಕಂಡುಕೊಂಡಿದ್ದ. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ರಬ್ಬರನ್ನು ಎರಡು ಉಕ್ಕಿನ ಕೊಳವೆಗಳ ನಡುವೆ ಕೂರಿಸುವ ಬುಷ್ ಕಾರುಗಳಲ್ಲಿ ನೆಲೆಯೂರಿತು. ಸೈಲೆಂಟ್ ಬ್ಲಾಕ್ ಎಂದು ಗ್ಯಾರೇಜುಗಳಲ್ಲಿ ಇಂದಿಗೂ ಕರೆಯುವುದು ಇದನ್ನೇ. ಒಳಕೊಳವೆ ಬೋಲ್ಟಿನ ಬಿಗಿಗೆ ಒಡಲಿನೊಂದಿಗೆ ಒಂದಾಗುತ್ತದೆ, ಹೊರಕೊಳವೆ ತೋಳಿನೊಂದಿಗೆ. ತೋಳು ಆಡಿದಾಗ ಏನೂ ಜಾರುವುದಿಲ್ಲ, ನಡುವಿನ ರಬ್ಬರು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಎಣ್ಣೆ ಬೇಡ, ಧೂಳು ಹೊಗಲು ಸಂದಿಯೂ ಇಲ್ಲ. ಸುಳ್ಯ, ಪುತ್ತೂರು ಕಡೆಯ ತೋಟಗಳಲ್ಲಿ ಬಟ್ಟಲಿಗೆ ಇಳಿಯುವ ಹಾಲಿನಿಂದ ಬರುವ ಸಹಜ ರಬ್ಬರು, ಹರಿಯದೆ ಲಕ್ಷಾಂತರ ಸಲ ತಿರುಚಿಕೊಳ್ಳುವ ಗುಣದಿಂದಾಗಿ ಇಂದಿಗೂ ಈ ಕೆಲಸಕ್ಕೆ ಮುಂದಿದೆ. ಅದರ ಶತ್ರುಗಳು ಶಾಖ, ಓಜೋನ್ ಮತ್ತು ಪೆಟ್ರೋಲಿಯಂ ಎಣ್ಣೆ.

ಆದರೆ ರಬ್ಬರು ಬಂದದ್ದರಿಂದ ಕೀಲು ಬರೀ ಕೀಲಾಗಿ ಉಳಿಯಲಿಲ್ಲ, ಅದೇ ಒಂದು ಸ್ಪ್ರಿಂಗ್ ಆಯಿತು. ಜಗ್ಗಬಾರದ ದಿಕ್ಕಿಗೂ ಸ್ವಲ್ಪ ಜಗ್ಗತೊಡಗಿತು. ಮಿಶಲಿನ್ 1940ರ ದಶಕದ ಕೊನೆಗೆ ತಂದ ರೇಡಿಯಲ್ ಟೈರು ಹರಡಿದಂತೆ ಇದು ಇನ್ನೂ ಹೆಚ್ಚಿತು. ರೇಡಿಯಲ್ ಟೈರಿನ ಉಕ್ಕಿನ ಪಟ್ಟಿ ಸಣ್ಣ ಉಬ್ಬುಗಳ ಪೆಟ್ಟನ್ನು ಹಿಮ್ಮುಖವಾಗಿ ತೋಳಿಗೆ ದಾಟಿಸುತ್ತಿತ್ತು. ಅದನ್ನು ನುಂಗಲು ಹಿಂದೆ ಮುಂದೆ ಹೆಚ್ಚು ಬಾಗುವ ಬುಷ್ ಬೇಕಾಯಿತು. ಹೀಗೆ ಮೆದುವಾದ ಬುಷ್ ಗಾಲಿಯ ಮುಖವನ್ನೇ ತಿರುಗಿಸಬಲ್ಲದು. 500 ಮಿಲಿಮೀಟರ್ ಅಂತರದಲ್ಲಿರುವ ಎರಡು ಬುಷ್‌ಗಳಲ್ಲಿ ಒಂದು 1 ಮಿಲಿಮೀಟರ್ ಮಾತ್ರ ಸರಿದರೂ ಗಾಲಿ ಸುಮಾರು 0.11 ಡಿಗ್ರಿ ತಿರುಗುತ್ತದೆ. ಅಲೈನ್‌ಮೆಂಟ್ ಯಂತ್ರದ ಮುಂದೆ ಅರ್ಧ ಗಂಟೆ ಹೆಣಗಿ ಸರಿಪಡಿಸುವ ವ್ಯತ್ಯಾಸ ಇಂಥದ್ದೇ. ತಿರುವಿನಲ್ಲಿ ಭಾರ ಹೊತ್ತ ಹೊರಗಾಲಿ ಒಳಮುಖವಾಗಿ ತಿರುಗಿದರೆ ಕಾರು ನೆಲೆ ನಿಲ್ಲುತ್ತದೆ, ಹೊರಮುಖವಾಗಿ ತಿರುಗಿದರೆ ಬಾಲ ಬೀಸುತ್ತದೆ. ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟವರನ್ನು ಗಾಬರಿಗೊಳಿಸುವುದು ಎರಡನೆಯದು.

ಈ ದೋಷವನ್ನೇ ಗುಣ ಮಾಡಿಕೊಂಡದ್ದು ಈ ಕ್ಷೇತ್ರದ ದೊಡ್ಡ ತಿರುವು. 1977ರ ಪೋರ್ಷೆ 928 ಕಾರಿನ ವೈಸಾಖ್ ಆಕ್ಸಲ್‌ನಲ್ಲಿ ತೋಳಿನ ಮುಂದಿನ ಕೀಲನ್ನು ಬೇಕೆಂದೇ ಬಾಗುವಂತೆ ಮಾಡಿ, ವೇಗ ಇಳಿಸಿದಾಗ ಹಿಂಗಾಲಿ ಒಳಮುಖವಾಗಿ ತಿರುಗುವ ಏರ್ಪಾಡು ಮಾಡಲಾಯಿತು. 1982ರ ಮರ್ಸಿಡಿಸ್ 190 ಒಂದೊಂದು ಹಿಂಗಾಲಿಯನ್ನು ಐದೈದು ಲಿಂಕ್‌ಗಳಿಂದ ಹಿಡಿಯಿತು. ಯಾವ ಬುಷ್ ಯಾವ ದಿಕ್ಕಿಗೆ ಎಷ್ಟು ಸೋಲಬೇಕು ಎಂಬುದು ಅಲ್ಲಿ ಲೆಕ್ಕದ ವಿಷಯವಾಯಿತು. ಅಗ್ಗದ ಕಾರುಗಳಿಗೆ ಉತ್ತರ ಬಂದದ್ದು ಫೋಕ್ಸ್‌ವ್ಯಾಗನ್‌ನಿಂದ. 1983ರ ಎರಡನೇ ಗಾಲ್ಫ್‌ನ ಹಿಂದಿನ ತಿರುಚು ತೊಲೆಗೆ, ಅಂದರೆ ಟಾರ್ಷನ್ ಬೀಮ್‌ಗೆ, ಓರೆಯಾಗಿ ಕೂರಿಸಿದ ಬುಷ್‌ಗಳು ಬಂದವು. ಪಕ್ಕದ ಒತ್ತಡಕ್ಕೆ ಇಡೀ ತೊಲೆ ಓರೆ ತಿರುಗಿ ಕಾರಿನ ಬಾಲವನ್ನು ಹೊರಗೆ ತಳ್ಳುವುದನ್ನು ಆ ಓರೆಯೇ ತಡೆಯುತ್ತದೆ. ಇಂಥ ಬುಷ್‌ನ ರಬ್ಬರಿನಲ್ಲಿ ಕಾಣುವ ಖಾಲಿ ಜಾಗಗಳು ಉಳಿತಾಯಕ್ಕೆ ಬಿಟ್ಟವಲ್ಲ. ಖಾಲಿಯಿರುವ ದಿಕ್ಕಿಗೆ ಮೆದು, ತುಂಬಿರುವ ದಿಕ್ಕಿಗೆ ಬಿಗಿ.

ಕರ್ನಾಟಕದಲ್ಲಿ ಈ ಬೆಳವಣಿಗೆಯನ್ನು ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯೊಂದರಲ್ಲೇ ಕಾಣಬಹುದು. 2000ದಲ್ಲಿ ಮಾರುಕಟ್ಟೆಗೆ ಬಂದ ಕ್ವಾಲಿಸ್‌ಗೆ ಹಿಂದೆ ಕಮಾನು ಪಟ್ಟಿ. 2005ರ ಇನ್ನೋವಾಕ್ಕೆ ಅದೇ ಗಟ್ಟಿ ಆಕ್ಸಲ್ ಇದ್ದರೂ ನಾಲ್ಕು ಲಿಂಕ್, ಅಡ್ಡ ರಾಡು, ಕಾಯಿಲ್ ಸ್ಪ್ರಿಂಗ್. 2022ರಲ್ಲಿ ಅನಾವರಣಗೊಂಡ ಇನ್ನೋವಾ ಹೈಕ್ರಾಸ್‌ಗೆ ತಿರುಚು ತೊಲೆ. ಪಟ್ಟಿಯ ಕಿವಿಯಿಂದ ಲಿಂಕ್‌ನ ತುದಿಗೆ, ಅಲ್ಲಿಂದ ತೊಲೆಯ ಎರಡೇ ಎರಡು ದೊಡ್ಡ ಬುಷ್‌ಗಳಿಗೆ ಕೆಲಸ ವರ್ಗವಾಗುತ್ತ ಬಂದಿದೆ. ವೇಗದ ಚಪಲದವರು ಆಯ್ದುಕೊಂಡ ಕಾರುಗಳ ಸಾಲು ಬೇರೆ. 1994ರ ಮಾರುತಿ ಎಸ್ಟೀಮ್‌ಗೆ ಹಿಂದೆಯೂ ಸ್ವತಂತ್ರ ಸ್ಟ್ರಟ್ ಇತ್ತು. ಮಿತ್ಸುಬಿಷಿ ಲಾನ್ಸರ್ ಮತ್ತು ರ‍್ಯಾಲಿಗಳಲ್ಲಿ ಹೆಸರು ಮಾಡಿದ ಸೆಡಿಯಾಕ್ಕೆ ಬಹುಲಿಂಕ್, ಫೋಕ್ಸ್‌ವ್ಯಾಗನ್ ಪೋಲೋಗೆ ತಿರುಚು ತೊಲೆ.

ಬಿಗಿ ಮಾಡುವ ಸಾಮಗ್ರಿಗಳಲ್ಲಿ ಮೊದಲು ಕೈಗೆ ಸಿಗುವುದು ಪಾಲಿಯುರೆಥೇನ್. ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ರೂಪಿಸಿದ ಈ ವಸ್ತು ಬುಷ್ ಆಗಿ ಜನಪ್ರಿಯವಾದದ್ದು ಬಹಳ ತಡವಾಗಿ. ಗಡಸುತನ ಅಳೆಯುವ ಶೋರ್ ಎ ಮಾಪಕದಲ್ಲಿ ಕಾರ್ಖಾನೆಯ ರಬ್ಬರು ಸಾಮಾನ್ಯವಾಗಿ 50–70ರ ನಡುವೆ ನಿಂತರೆ, ಪಾಲಿ ಬುಷ್ 70–95ರ ನಡುವೆ ಬರುತ್ತದೆ. ಎಣ್ಣೆಗೆ ಹೆದರದು, ಕೈಯಲ್ಲೇ ಒತ್ತಿ ಕೂರಿಸಬಹುದು, ಬಣ್ಣವೂ ಚೆಂದ. ತೊಡಕಿರುವುದು ಒಳಗೆ. ಬಹುಪಾಲು ಪಾಲಿ ಬುಷ್‌ಗಳು ಉಕ್ಕಿನ ಕೊಳವೆಗೆ ಅಂಟಿರುವುದಿಲ್ಲ, ಅದರ ಮೇಲೆ ಜಾರುತ್ತವೆ. ಜಾರಬೇಕಾದರೆ ಗ್ರೀಸ್ ಬೇಕು, ಅದು ತೊಳೆದುಹೋದ ದಿನದಿಂದ ಕಿರಗುಟ್ಟುತ್ತದೆ. ಬಂಡಿಯ ಗೊಟ್ಟ ಬೇರೆ ರೂಪದಲ್ಲಿ ಮರಳಿ ಬಂತೆನ್ನಬೇಕು.

ಸದ್ದಿಗಿಂತ ದೊಡ್ಡ ಪ್ರಶ್ನೆ ಓರೆಯಾಟದ್ದು. ಹಿಂದಿನ ತೋಳು ಒಂದೇ ಸಮತಲದಲ್ಲಿ ಆಡುವುದು ಅಪರೂಪ. ಮೇಲೇರುತ್ತ ಸ್ವಲ್ಪ ತಿರುಚಿಕೊಂಡು ಓರೆಯೂ ಆಗುತ್ತದೆ. ರಬ್ಬರು ಇದಕ್ಕೆ ಒಪ್ಪುತ್ತದೆ, ಗಟ್ಟಿ ಪಾಲಿ ಒಪ್ಪುವುದಿಲ್ಲ. ಆಗ ಇಡೀ ತೋಳು ಬಿಗಿಹಿಡಿದು, ಸ್ಪ್ರಿಂಗ್ ಬದಲಾಯಿಸದಿದ್ದರೂ ಗಟ್ಟಿಯಾದಂತೆ ವರ್ತಿಸುತ್ತದೆ. ತಿರುವಿನ ನಡುವೆ ಹಿಂದಿನ ಹಿಡಿತ ಇದ್ದಕ್ಕಿದ್ದಂತೆ ಕಳಚುತ್ತದೆ, ವರ್ಷಗಟ್ಟಲೆ ಹೀಗೇ ನಡೆದರೆ ಒಡಲಿನ ಬೆಸುಗೆ ಬಿರಿಯಬಹುದು. ಇನ್ನೋವಾದಂಥ ನಾಲ್ಕು ಲಿಂಕ್‌ನ ಗಟ್ಟಿ ಆಕ್ಸಲ್‌ನಲ್ಲಿ ಈ ಅಪಾಯ ಹೆಚ್ಚು. ಅಲ್ಲಿ ಕಾರು ವಾಲಲು ಸಾಧ್ಯವಾಗುವುದೇ ರಬ್ಬರು ಸೋಲುವುದರಿಂದ. ನಾಲ್ಕೂ ಲಿಂಕ್‌ಗೆ ಪಾಲಿ ಹಾಕಿದರೆ ಆಕ್ಸಲ್ ಒಂದು ದೊಡ್ಡ ಆಂಟಿ ರೋಲ್ ಬಾರ್, ಅಂದರೆ ಕಾರು ವಾಲುವುದನ್ನು ತಡೆಯುವ ಸರಳು, ಆಗಿ ಕೂರುತ್ತದೆ. ನಿಜವಾದ ಆಂಟಿ ರೋಲ್ ಬಾರ್‌ನ ಬುಷ್‌ಗೆ ಮಾತ್ರ ಪಾಲಿ ನಿರಾತಂಕವಾಗಿ ಒಪ್ಪುತ್ತದೆ. ಖರ್ಚು ಕಡಿಮೆ, ಫಲ ಕೂಡಲೇ ಗೊತ್ತಾಗುತ್ತದೆ, ಕೆಡುವುದು ಏನೂ ಇಲ್ಲ.

ಗುಂಡುಕೀಲಿನ ದಾರಿ ಬೇರೆ. ಎರಡನೇ ಮಹಾಯುದ್ಧದ ಕಾಲದ ವಿಮಾನಗಳಿಂದ ಇಳಿದು ಬಂದ ಇದನ್ನು ಅಮೆರಿಕದಲ್ಲಿ ಹೈಮ್ ಜಾಯಿಂಟ್, ಬ್ರಿಟನ್ನಿನಲ್ಲಿ ರೋಸ್ ಜಾಯಿಂಟ್ ಎಂದು ತಯಾರಕರ ಹೆಸರಿನಲ್ಲೇ ಕರೆದರು. ಉಕ್ಕಿನ ಗುಂಡು ಉಕ್ಕಿನ ಬಳೆಯೊಳಗೆ ಎತ್ತ ಬೇಕಾದರೂ ಹೊರಳುತ್ತದೆ, ಎತ್ತಲೂ ಜಗ್ಗುವುದಿಲ್ಲ. ನಡುವೆ ಟೆಫ್ಲಾನ್ ಬಟ್ಟೆಯ ಒಳಪದರವಿದ್ದರೆ ಎಣ್ಣೆಯೂ ಬೇಡ. ಓರೆಯಾಟದ ವಿಷಯದಲ್ಲಿ ಪಾಲಿಗೆ ಆಗದ್ದನ್ನು ಇದು ಸರಾಗವಾಗಿ ಮಾಡುತ್ತದೆ. ಬೆಲೆ ತೆರುವುದು ಸದ್ದಿನಲ್ಲಿ ಮತ್ತು ಆಯುಸ್ಸಿನಲ್ಲಿ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ 2016ರಲ್ಲಿ ಏಷ್ಯಾ–ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತು ನಡೆದು, ಗೌರವ್ ಗಿಲ್ ಸ್ಕೋಡಾ ಫೇಬಿಯಾದಲ್ಲಿ ಆ ವರ್ಷದ ಪಟ್ಟ ಗೆದ್ದರು. ಅಂಥ ಕಾರಿನ ಕೀಲುಗಳನ್ನು ಸರ್ವೀಸ್ ತಂಡ ಸ್ಪರ್ಧೆಯ ನಡುವೆಯೇ ಬಿಚ್ಚಿ ನೋಡುತ್ತದೆ. ಕಚೇರಿಗೆ ಹೋಗಿ ಬರುವ ಕಾರಿಗೆ ಆ ಭಾಗ್ಯವಿಲ್ಲ. ರಬ್ಬರು ಬುಷ್ ಹರಿದರೂ ಬೋಲ್ಟು ಅದನ್ನು ಜಾಗದಲ್ಲೇ ಹಿಡಿದಿರುತ್ತದೆ. ರೋಸ್ ಜಾಯಿಂಟ್‌ನ ಗುಂಡು ಬಳೆಯಿಂದ ಕಳಚಿದರೆ ಲಿಂಕೇ ಬಿಡುಗಡೆಯಾಗುತ್ತದೆ. ಬೋಲ್ಟಿನ ತಲೆಯಡಿ ಬಳೆಗಿಂತ ಅಗಲದ ವಾಷರ್ ಹಾಕುವುದು ಇದೇ ಕಾರಣಕ್ಕೆ. ಅದನ್ನು ಬಿಟ್ಟ ಕೆಲಸವನ್ನು ಅರೆಕೆಲಸವೆಂದೇ ಎಣಿಸಬೇಕು.

ಆಯ್ಕೆಯನ್ನು ನಿರ್ಧರಿಸುವುದು ಕಾರಿನ ಹಿಂದಿನ ರಚನೆ. ಪೋಲೋದಂಥ ತಿರುಚು ತೊಲೆಯಲ್ಲಿ ಗಾಲಿಯ ದಿಕ್ಕನ್ನು ಕಾಯುವ ಬುಷ್‌ಗಳು ಎರಡೇ. ಅವಕ್ಕೆ ದಿಕ್ಕಿಗೊಂದು ಬಿಗಿ ಇರುವುದರಿಂದ ಸುತ್ತಲೂ ಒಂದೇ ಗಡಸಿನ ಪಾಲಿ ಉಂಡೆ ಹಾಕಿದರೆ ವಿನ್ಯಾಸಕಾರನ ಲೆಕ್ಕ ಅಳಿಸಿದಂತಾಗುತ್ತದೆ. ಹೊಸ ಮೂಲ ಬುಷ್ ಹಾಕಿಸಿ, ಉಳಿದ ಹಣವನ್ನು ಒಳ್ಳೆಯ ಶಾಕ್ ಅಬ್ಸಾರ್ಬರ್‌ಗೆ ಖರ್ಚು ಮಾಡುವುದು ಬುದ್ಧಿವಂತಿಕೆ. ಹತ್ತು ವರ್ಷ ಓಡಿದ ಕಾರಿಗೆ ಹೊಸ ರಬ್ಬರು ಕೊಡುವ ವ್ಯತ್ಯಾಸವನ್ನು ಪಾಲಿ ಹಾಕಿಸಿದವರು ಪಾಲಿಯ ಮಹಿಮೆ ಎಂದು ತಿಳಿಯುವುದೂ ಉಂಟು. ಬಹುಲಿಂಕ್ ಕಾರುಗಳಲ್ಲಿ ಅವಕಾಶ ಹೆಚ್ಚು. ಗಾಲಿಯ ದಿಕ್ಕನ್ನು ಕಾಯುವ ಅಡ್ಡ ಲಿಂಕ್‌ಗೆ ಗಟ್ಟಿ ಬುಷ್ ಅಥವಾ ಧೂಳುಚೀಲವಿರುವ ಗುಂಡುಕೀಲು ಹಾಕಬಹುದು. ಉಬ್ಬಿನ ಪೆಟ್ಟು ನುಂಗುವ ಉದ್ದ ತೋಳಿನ ಮುಂದಿನ ಬುಷ್ ಮಾತ್ರ ರಬ್ಬರಾಗಿಯೇ ಇರಲಿ. ಅಸೆಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಮತ್ತು ಅಲ್ಯೂಮಿನಿಯಂನ ಬುಷ್‌ಗಳು ಟ್ರ್ಯಾಕಿಗೆ ಸೇರಿದವು.

ಊರು ಮತ್ತು ನೆಲವೂ ಈ ಲೆಕ್ಕದಲ್ಲಿ ಪಾಲುದಾರರು. ಹೊಸಪೇಟೆಯಿಂದ ಕೂಡ್ಲಿಗಿ ಹಾಯ್ದು ಚಿತ್ರದುರ್ಗಕ್ಕೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಗಟ್ಟಿ ಬುಷ್ ಹಿತವೇ. ಅಲ್ಲಿಂದ ಹೊಳಲು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಒಳದಾರಿಗಳಿಗೆ ಇಳಿದರೆ ಲೆಕ್ಕ ತಿರುಗುತ್ತದೆ. ಎರೆ ನೆಲ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ ಅದರ ಮೇಲಿನ ಡಾಂಬರು ಅಲೆಯಲೆಯಾಗಿ, ಎಡಗಾಲಿ ಏರಿದಾಗ ಬಲಗಾಲಿ ಇಳಿಯುವಂತೆ ಮಾಡುತ್ತದೆ. ಓರೆಯಾಟ ಅತಿ ಹೆಚ್ಚು ಬೇಕಾಗುವುದು ಇಲ್ಲೇ. ಮಸಾರಿಯ ಕೆಂಧೂಳು ತೆರೆದ ಗುಂಡುಕೀಲಿನ ಒಳಪದರವನ್ನು ಬೇಗ ಕೊರೆದು ಹಾಕುತ್ತದೆ. ಏಪ್ರಿಲ್, ಮೇ ತಿಂಗಳ 40 ಡಿಗ್ರಿಯ ಬಿಸಿಲು, ಅದರ ಜೊತೆ ಪಕ್ಕದಲ್ಲೇ ಹಾಯುವ ಸೈಲೆನ್ಸರ್ ಕೊಳವೆಯ ಕಾವು ರಬ್ಬರನ್ನು ಒಣಗಿಸಿ ಬಿರುಕು ಬಿಡಿಸುತ್ತವೆ. ಈ ಸೀಮೆಯ ಕಾರಿಗೆ ಹೊಸ ರಬ್ಬರನ್ನು ಹೊತ್ತಿಗೆ ಸರಿಯಾಗಿ ಹಾಕಿಸುವುದೇ ಮೊದಲ ಸುಧಾರಣೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೇ ಆಕಾರದ ಬುಷ್ ಹಲವು ಬೆಲೆಗೆ ಸಿಗುತ್ತದೆ. ರಬ್ಬರು ಉಕ್ಕಿಗೆ ಅಂಟಿದೆಯೋ, ಬರೀ ತುರುಕಿದ್ದೋ ಎಂದು ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿ ಕೊಳ್ಳಬೇಕು.

ಒಳ್ಳೆಯ ಬುಷ್ ಕೂಡ ಕೂರಿಸುವಾಗ ಹಾಳಾಗಬಹುದು. ಹಳೆಯದನ್ನು ಪ್ರೆಸ್‌ನಲ್ಲಿ ಹೊರದೂಡುವ ಮೊದಲೇ ಅದರ ಖಾಲಿ ಜಾಗ ಎತ್ತ ಮುಖ ಮಾಡಿದೆ ಎಂದು ತೋಳಿನ ಮೇಲೆ ಗೀರು ಹಾಕಿಕೊಳ್ಳಬೇಕು. ಹೊಸದನ್ನು ಅದೇ ಗೀರಿಗೆ ಸರಿಯಾಗಿ, ಸಾಬೂನು ನೀರು ಸವರಿ, ಹೊರಕೊಳವೆಯ ಅಂಚಿಗೆ ಮಾತ್ರ ಒತ್ತಡ ಬೀಳುವಂತೆ ಒತ್ತಬೇಕು. ಗ್ರೀಸ್ ಅಥವಾ ಎಂಜಿನ್ ಆಯಿಲ್ ಸವರಿದರೆ ಸಹಜ ರಬ್ಬರು ಊದಿಕೊಳ್ಳುತ್ತದೆ. ಹೆಚ್ಚಿನ ಕಡೆ ತಪ್ಪುವುದು ಕೊನೆಯ ಹೆಜ್ಜೆ. ಕಾರು ಲಿಫ್ಟ್ ಮೇಲೆ ಗಾಲಿ ಜೋತುಬಿದ್ದಿರುವಾಗಲೇ ಬೋಲ್ಟು ಬಿಗಿದರೆ, ನೆಲಕ್ಕಿಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ ಮತ್ತು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಬೋಲ್ಟನ್ನು ಸಡಿಲವಾಗಿ ಕೂರಿಸಿ, ಕಾರಿನ ಭಾರವನ್ನು ಗಾಲಿಗಳ ಮೇಲೆ ಬಿಟ್ಟು, ಹಿಂಬದಿಯನ್ನು ಎರಡು ಮೂರು ಸಲ ಅದುಮಿ, ಆಮೇಲೆ ಟಾರ್ಕ್ ರೆಂಚ್‌ನಲ್ಲಿ ಕಂಪನಿ ಹೇಳಿದ ಅಳತೆಗೆ ಬಿಗಿಯಬೇಕು. ಸುತ್ತಲೂ ಜಾರುವ ಪಾಲಿ ಬುಷ್‌ಗೆ, ಗುಂಡುಕೀಲಿಗೆ ಈ ನಿಯಮ ಬೇಕಿಲ್ಲ. ಅಲೈನ್‌ಮೆಂಟ್ ಮಾತ್ರ ಎಲ್ಲಕ್ಕೂ ಬೇಕು. ತಿರುಚು ತೊಲೆಯ ಕಾರುಗಳಲ್ಲಿ ಹಿಂದಿನ ಗಾಲಿಗೆ ತಿರುಪಿ ಹೊಂದಿಸುವ ಬೋಲ್ಟು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಯಂತ್ರ ತೋರುವ ಅಂಕಿ ತಪ್ಪಿದ್ದರೆ ತೊಲೆ ಬಾಗಿದೆ ಇಲ್ಲವೇ ಬುಷ್ ಓರೆ ಕೂತಿದೆ ಎಂದು ತಿಳಿದು ಮತ್ತೆ ಬಿಚ್ಚಿ ನೋಡಬೇಕಾಗುತ್ತದೆ.