ಸೋಲು ಮೊದಲೇ ಗೊತ್ತಿರುವ ವಾದ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಿಗರಿಗೆ ತಕರಾರು ಹೊಸದಲ್ಲ. ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿಯಿದ್ದ ಈ ಸೀಮೆಯಲ್ಲಿ, ಬೇಲಿಯ ಗೂಟವೊಂದು ಮಾರು ಸರಿದುದಕ್ಕೂ ಮೇಲಿನ ತೋಟದ ನೀರು ಕೆಳಗಿನವನ ಕಾದಿಗೆಗೆ ನುಗ್ಗಿದುದಕ್ಕೂ ಮಾತು ಬಿಟ್ಟು ಕುಳಿತ ಮನೆಗಳುಂಟು. ಅಂಥ ಮನೆಗಳ ಯಜಮಾನರೇ ಆಷಾಢದ ರಾತ್ರಿ ಯಾರದೋ ಜಗಲಿಯಲ್ಲಿ, ನಡುವೆ ಕವಳದ ತಬಕನ್ನಿಟ್ಟುಕೊಂಡು, ಒಬ್ಬನು ರಾಮನೂ ಇನ್ನೊಬ್ಬನು ವಾಲಿಯೂ ಆಗಿ ಇದಿರುಬದಿರು ಕುಳಿತು ಬೆಳಗಿನವರೆಗೆ ವಾದಿಸುವುದನ್ನು ಕಂಡವರಿಗೆ, ತಾಳಮದ್ದಳೆಯೆಂಬುದು ಕೇವಲ ವಿನೋದವಲ್ಲವೆಂದು ತೋರದೆ ಇರದು.

ಈ ಕಲೆ ಹಳೆಯದು. ಬಳ್ಳಾರಿ ಜಿಲ್ಲೆಯ ಕುರುಗೋಡಿನ ಸೀಮೆಯಲ್ಲಿ ದೊರೆತ 1556ರ ಶಾಸನವೊಂದು ತಾಳಮದ್ದಳೆಗೆಂದು ಕೊಟ್ಟ ಭೂದಾನವನ್ನು ಹೇಳುತ್ತದೆ. ಘಟ್ಟದ ಮೇಲಿನ ನಮ್ಮ ಊರುಗಳಲ್ಲಿ ಇದನ್ನು ಬೆಳೆಸಿದ್ದು ಮಳೆ. ಮಳೆ ಹಿಡಿದೊಡನೆ ಬಯಲಾಟ ನಿಲ್ಲುತ್ತದೆ, ಮೇಳಗಳು ಮನೆ ಸೇರುತ್ತವೆ. ಅಡಿಕೆಗೆ ಮದ್ದು ಹೊಡೆದ ಕೃಷಿಕನಿಗೂ ಹೊಳವಾಗುವವರೆಗೆ ತುಸು ಬಿಡುವು. ವೇಷವಿಲ್ಲ, ಕುಣಿತವಿಲ್ಲ, ಭಾಗವತನ ಪದ್ಯ, ಮದ್ದಳೆ, ಚಂಡೆ, ಮತ್ತು ಅರ್ಥವೆಂದು ಕರೆಯುವ, ಆಶುವಾಗಿ ಹುಟ್ಟುವ ಮಾತು.

ವಾಲಿವಧೆಯ ವೈಶಿಷ್ಟ್ಯವನ್ನೇ ನೋಡಿರಿ. ಮರೆಯಲ್ಲಿ ನಿಂತು ಬಾಣ ಬಿಟ್ಟವನನ್ನು ಬಾಣ ತಗುಲಿದವನು ಪ್ರಶ್ನಿಸುತ್ತಾನೆ: ನಿನಗೂ ನನಗೂ ಏನು ವೈರ? ಇದಿರು ಬಂದು ಕಾದದ ಕ್ಷತ್ರಿಯತ್ವ ಎಂಥದು? ತಮ್ಮನ ಪತ್ನಿಯನ್ನು ಇಟ್ಟುಕೊಂಡವನು ದಂಡ್ಯನೆಂದು ರಾಮನು ಧರ್ಮಶಾಸ್ತ್ರವನ್ನು ಮುಂದೊಡ್ಡುವನು. ಶಾಖಾಮೃಗವನ್ನು ಬೇಟೆಯಾಡಲು ಮರೆ ನಿಲ್ಲುವುದು ದೋಷವಲ್ಲವೆನ್ನುವನು. ಮೃಗವಾದರೆ ಅದಕ್ಕೆ ಧರ್ಮಶಾಸ್ತ್ರವೇಕೆ ಎಂದು ವಾಲಿಯು ಮರುನುಡಿದಾಗ ಜಗಲಿಯ ತುದಿಯಲ್ಲಿ ಕುಳಿತವರೂ ತಲೆದೂಗುತ್ತಾರೆ. ನನ್ನ ಮಟ್ಟಿಗೆ, ತರ್ಕದಲ್ಲಿ ವಾಲಿಯದೇ ಮೇಲುಗೈ. ವಾಲಿ, ರಾವಣರಂಥ ಪ್ರತಿನಾಯಕರ ಅರ್ಥದಿಂದಲೇ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಕರಾವಳಿಯಿಂದ ಘಟ್ಟದವರೆಗೆ ಮನೆಮಾತಾದುದು ಸುಮ್ಮನೆಯಲ್ಲ.

ಆದರೂ ವಾಲಿ ಸೋಲಬೇಕು. ಅರ್ಥಧಾರಿ ಎಷ್ಟೇ ಪಂಡಿತನಾಗಲಿ, ಪ್ರಸಂಗವನ್ನು ಮೀರುವ ಹಕ್ಕು ಅವನಿಗಿಲ್ಲ. ಅಂಗದನನ್ನು ರಾಮನ ಕೈಗೊಪ್ಪಿಸಿ ಅವನು ಕಣ್ಮುಚ್ಚಲೇಬೇಕು. ಇದಿರು ಕುಳಿತವನು ನೆರೆಮನೆಯ ಮೊಂಡನೇ ಆಗಿದ್ದು, ಅವನ ಸಮಾಧಾನ ಪೊಳ್ಳೆಂದು ಸಭೆಗೆಲ್ಲ ತಿಳಿದಿದ್ದರೂ, ಆ ಪೊಳ್ಳನ್ನು ಎತ್ತಿ ತೋರಿಸದೆ ಕೈಮುಗಿಯುವುದೇ ವಾಲಿಯ ಅರ್ಥಧಾರಿಯ ವಿದ್ಯೆ. ಹಟ ಹಿಡಿದವರೂ ಇಲ್ಲದಿಲ್ಲ. ರಾಮನನ್ನು ನಿರುತ್ತರನನ್ನಾಗಿ ಮಾಡಿದೆನೆಂದು ಹಿಗ್ಗಿದ ಅರ್ಥಧಾರಿಗೆ ಆ ರಾತ್ರಿ ಚಪ್ಪಾಳೆ ಸಿಗಬಹುದು, ಮುಂದಿನ ಕೂಟದ ಕರೆ ಸಿಗಲಾರದು. ಮಾತು ವಿಪರೀತಕ್ಕೆ ಹೋದರೆ ಭಾಗವತನು ತಾಳ ತಟ್ಟಿ ಮುಂದಿನ ಪದ್ಯವನ್ನೆತ್ತುವನು. ಆ ಮೇಲೆ ಯಾರ ತರ್ಕವೂ ನಡೆಯದು. (ಇಂಥ ಭಾಗವತನೊಬ್ಬನು ನ್ಯಾಯಾಲಯಗಳಲ್ಲಿ ಇದ್ದಿದ್ದರೆ ಎಷ್ಟೋ ತೋಟಗಳು ಉಳಿಯುತ್ತಿದ್ದವು.)

ಇನ್ನೊಂದು ಮಾತು: ಇಂದು ವಾಲಿಯಾದವನು ನಾಳೆ ಇನ್ನೊಂದು ಕೂಟದಲ್ಲಿ ರಾಮನಾಗಬಹುದು, ಇಂದು ತಾನೇ ಎಸೆದ ಪ್ರಶ್ನೆಗೆ ಅಂದು ತಾನೇ ಉತ್ತರ ಹುಡುಕಬೇಕಾಗಬಹುದು. ನನ್ನದೇ ಸರಿ ಎಂಬ ಭಾವಕ್ಕೆ ಅಲ್ಲಿ ಬೇರೂರಲು ಎಡೆಯೇ ಇಲ್ಲ. ಇದರಿಂದ ಬೇಲಿಯ ಜಗಳಗಳು ನಿಂತವೆಂದು ನಾನು ಹೇಳಲಾರೆ, ನಿಲ್ಲಲಿಲ್ಲ. ಆದರೆ ಮಂಗಳ ಹಾಡಿದ ಮೇಲೆ ರಾಮ ವಾಲಿಗಳಿಬ್ಬರೂ ಒಂದೇ ಪಂಕ್ತಿಯಲ್ಲಿ ಆಸರಿ ಕುಡಿದು, ಒಂದೇ ಬೆಳಕಿನಲ್ಲಿ ತೋಟದ ದಾರಿ ಹಿಡಿಯುತ್ತಿದ್ದರು.

ಮಳೆಗಾಲದಲ್ಲಿ ಈ ಕಡೆಗೆ ಬಂದ ಓದುಗರು ಕೂಟವೊಂದನ್ನು ಕೇಳದೆ ಹೋಗಬಾರದು. ವಾದ ರಂಗೇರಿತೆಂದು ತೃಪ್ತರಾಗಿ ನಡುರಾತ್ರಿಯಲ್ಲಿ ಎದ್ದು ಹೋಗಲೂ ಬಾರದು; ವಾಲಿಯು ಕೈಮುಗಿಯುವುದು ಕೊನೆಯಲ್ಲಿ.